‘ಆಪ್ತಮಿತ್ರ’ ಚಿತ್ರವೂ ನಾಗವಲ್ಲಿಯ ವದಂತಿಯೂ: ಒಂದು ವಿಮರ್ಶೆ

೧

ಚಲಚ್ಚಿತ್ರವನ್ನು ಇತಿಹಾಸದ ಆಕರವೆಂದು ಪರಿಗಣಿಸಬಹುದೇ ಎಂಬ ಪ್ರಶ್ನೆಗೆ ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳಲ್ಲಿ ಇಂದಿಗೂ ಸಂಕೋಚದ ಉತ್ತರವೇ ದೊರೆಯುತ್ತದೆ. ಶಾಸನ, ಕೈಫಿಯತ್ತು, ನಾಣ್ಯ, ಪ್ರವಾಸಿಗಳ ಬರಹ, ಸರ್ಕಾರಿ ದಫ್ತರ ಇವುಗಳ ಪಂಕ್ತಿಯಲ್ಲಿ ಸಿನಿಮಾವನ್ನು ಕೂರಿಸಲು ನಾವು ಹಿಂಜರಿಯುತ್ತೇವೆ. ಈ ಹಿಂಜರಿಕೆಗೆ ಕಾರಣವಿಲ್ಲದಿಲ್ಲ. ಚಿತ್ರದಲ್ಲಿ ಕಾಣುವ ಅರಸ, ನರ್ತಕಿ, ಪರಿಚಾರಕರು ಎಂದೂ ಇದ್ದವರಲ್ಲ. ಅವರ ಉಡುಗೆ ತೊಡುಗೆಗಳಿಗೆ ಯಾವ ಕಾಲದ ಹಂಗೂ ಇಲ್ಲ. ಆದರೆ ಚಿತ್ರವು ತಾನು ತೋರಿಸುವ ಕಾಲಕ್ಕೆ ಸಾಕ್ಷಿಯಾಗದಿದ್ದರೂ ತನ್ನನ್ನು ನೋಡಿದ ಜನರ ವಿಷಯದಲ್ಲಿ ಸಾಕ್ಷಿಯಾಗುತ್ತದೆ. ಅವರು ಯಾವುದಕ್ಕೆ ಹೆದರಿದರು, ಯಾವುದನ್ನು ನಂಬಿದರು, ಚಿತ್ರಮಂದಿರದಿಂದ ಹೊರಬಂದ ಮೇಲೆ ಯಾವ ಮಾತನ್ನು ಮನೆಗೆ ಕೊಂಡೊಯ್ದರು ಎಂಬುದು ಇತಿಹಾಸಕಾರನು ವಿಚಾರಿಸತಕ್ಕ ವಿಷಯವೇ ಸರಿ.

ನಮ್ಮನ್ನು ಈ ವಿಚಾರಕ್ಕೆ ತೊಡಗಿಸಿದುದು ತರಗತಿಯಲ್ಲಿ ನಡೆದ ಒಂದು ಪ್ರಸಂಗ. ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯ ಪಾಠ ನಡೆದಿತ್ತು. ೧೭೯೨ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಐರೋಪ್ಯ ಮಾದರಿಯಲ್ಲಿ ಕಟ್ಟಲ್ಪಟ್ಟ, ಎಂಟು ಮೂಲೆಗಳ ನಕ್ಷತ್ರಾಕಾರದ ಈ ಕೋಟೆಯೊಳಗಿನ ನೆಲಮಾಳಿಗೆಯನ್ನು ಕಂಡ ಜನ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆಯೆಂದು ಹೇಳುವುದುಂಟು. ನೂರು ಕಿಲೋಮೀಟರಿಗೂ ಮಿಗಿಲಾದ ಆ ಸುರಂಗಕ್ಕೆ ಯಾವ ಆಧಾರವೂ ಇಲ್ಲ. ಐತಿಹ್ಯಕ್ಕೂ ಆಧಾರಕ್ಕೂ ಇರುವ ಭೇದವನ್ನು ವಿವರಿಸುತ್ತಿರುವಾಗ ಆಲೂರು ಕಡೆಯ ಒಬ್ಬ ವಿದ್ಯಾರ್ಥಿ ಎದ್ದು, “ಹಾಗಾದರೆ ನಾಗವಲ್ಲಿಯೂ ಸುಳ್ಳೇ? ಆ ಸಿನಿಮಾ ಮಾಡಿದ ಇಬ್ಬರು ಸತ್ತರಲ್ಲ?” ಎಂದು ಕೇಳಿದನು. ತರಗತಿಯ ಅರ್ಧಭಾಗ ತಲೆಯಾಡಿಸಿತು. ಇವರಲ್ಲಿ ಯಾರೊಬ್ಬರೂ ‘ಆಪ್ತಮಿತ್ರ’ ತೆರೆಕಂಡ ೨೦೦೪ರಲ್ಲಿ ಸಿನಿಮಾ ನೋಡುವ ವಯಸ್ಸಿನವರಲ್ಲ. ಹಲವರು ಹುಟ್ಟಿಯೇ ಇರಲಿಲ್ಲ. ಚಿತ್ರವನ್ನು ದೂರದರ್ಶನದ ತೆರೆಯ ಮೇಲೋ ಕೈಯೊಳಗಿನ ಫೋನಿನಲ್ಲೋ ಕಂಡವರಿಗೆ ವದಂತಿ ಮಾತ್ರ ಹಿರಿಯರ ಬಾಯಿಂದ ಅಖಂಡವಾಗಿ ಬಂದಿತ್ತು.

ಇಲ್ಲಿ ಒಂದು ವಿಪರ್ಯಾಸವಿದೆ. ‘ಆಪ್ತಮಿತ್ರ’ವು ದೆವ್ವವಿದೆಯೆಂದು ಸಾಧಿಸಲು ಹೊರಟ ಚಿತ್ರವಲ್ಲ. ದೆವ್ವವೆಂದು ತೋರುವುದು ಮನಸ್ಸಿನ ರೋಗವೆಂದು ಹೇಳುವುದೇ ಅದರ ಕಥೆಯ ತಿರುಳು. ಅಂಥ ಚಿತ್ರವೇ ಶಾಪವೊಂದಕ್ಕೆ ಪ್ರಮಾಣವಾಗಿ ಜನಮನದಲ್ಲಿ ನಿಂತದ್ದು ಹೇಗೆ? ಇದನ್ನು ಜನರ ಮೌಢ್ಯವೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಈ ಗ್ರಹಿಕೆಗೆ ಚಿತ್ರದ ರಚನೆಯೂ ಒಂದು ಕಾರಣವೆಂಬುದು ನಮ್ಮ ಅಭಿಪ್ರಾಯ. ಅದನ್ನು ಸಾಧಾರವಾಗಿ ಮಂಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಚಿತ್ರದ ಮೂಲವನ್ನು ಗಮನಿಸೋಣ. ‘ಆಪ್ತಮಿತ್ರ’ವು ೧೯೯೩ರ ಡಿಸೆಂಬರಿನಲ್ಲಿ ಬಿಡುಗಡೆಯಾದ ‘ಮಣಿಚಿತ್ರತಾಳ್’ ಎಂಬ ಮಲಯಾಳ ಚಿತ್ರದ ಕನ್ನಡ ರೂಪ. ಮೂಲದ ನಿರ್ದೇಶಕರು ಫಾಜಿಲ್. ಕಥೆ ಮಧು ಮುಟ್ಟಂ ಅವರದು. ಕೇರಳದ ಮುಟ್ಟಂ ಊರಿನ ಹಳೆಯ ಮನೆತನವೊಂದರ ದುರಂತ ಇದಕ್ಕೆ ಪ್ರೇರಣೆಯಾಯಿತೆಂಬ ಮಾತು ಪ್ರಚಲಿತವಾಗಿದೆ. ಪದ್ಮನಾಭಪುರಂ ಅರಮನೆ ಮತ್ತು ತ್ರಿಪ್ಪುಣಿತುರದ ಹಿಲ್ ಪ್ಯಾಲೆಸ್‌ಗಳಲ್ಲಿ ಚಿತ್ರೀಕರಿಸಲ್ಪಟ್ಟ ಆ ಚಿತ್ರಕ್ಕೆ ಜನಪ್ರಿಯ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಗಂಗಾ ಪಾತ್ರ ವಹಿಸಿದ ಶೋಭನಾ ಅವರಿಗೆ ಶ್ರೇಷ್ಠನಟಿ ಪ್ರಶಸ್ತಿಯೂ ದೊರೆತವು.

ಕಥೆಯ ಸಾರ ಇಷ್ಟು. ಗಂಡನೊಡನೆ ಪೂರ್ವಿಕರ ಹಳೆಯ ಮನೆಗೆ ಬಂದ ಗಂಗಾ, ಬೀಗ ಹಾಕಿದ ಕೋಣೆಯೊಂದನ್ನು ತೆರೆಸುತ್ತಾಳೆ. ಅದು ಬಹುಕಾಲದ ಹಿಂದೆ ಮನೆಯ ಯಜಮಾನನಿಂದ ಕೊಲ್ಲಲ್ಪಟ್ಟ ನರ್ತಕಿಯ ಕೋಣೆ. ಆಮೇಲೆ ಮನೆಯಲ್ಲಿ ಅನರ್ಥಗಳು ನಡೆಯತೊಡಗುತ್ತವೆ. ಗಂಡನ ಗೆಳೆಯನಾದ ಮನೋವೈದ್ಯನು ಬಂದು, ಇದು ಪ್ರೇತದ ಕಾರ್ಯವಲ್ಲ, ಗಂಗೆಯೇ ತನಗರಿವಿಲ್ಲದೆ ಆ ನರ್ತಕಿಯಾಗಿ ವರ್ತಿಸುತ್ತಿದ್ದಾಳೆ ಎಂದು ಕಂಡುಹಿಡಿಯುತ್ತಾನೆ. ಕೊನೆಗೆ ಮಂತ್ರವಾದಿಯ ಸಹಾಯದಿಂದ ಒಂದು ಕಪಟ ವಿಧಿಯನ್ನು ಏರ್ಪಡಿಸಿ, ಸೇಡು ತೀರಿತೆಂಬ ಭ್ರಮೆಯನ್ನು ಆಕೆಯಲ್ಲಿ ಹುಟ್ಟಿಸಿ ಗುಣಪಡಿಸುತ್ತಾನೆ.

ಕನ್ನಡದಲ್ಲಿ ಈ ಕಥೆಯನ್ನು ಕೈಗೆತ್ತಿಕೊಂಡ ನಿರ್ಮಾಪಕರು ದ್ವಾರಕೀಶ್, ನಿರ್ದೇಶಕರು ಪಿ. ವಾಸು, ಸಂಗೀತ ಗುರುಕಿರಣ್ ಅವರದು. ಮನೋವೈದ್ಯ ವಿಜಯ್ ಪಾತ್ರದಲ್ಲಿ ವಿಷ್ಣುವರ್ಧನ್, ಗಂಗೆಯಾಗಿ ಸೌಂದರ್ಯ, ಆಕೆಯ ಪತಿಯಾಗಿ ರಮೇಶ್ ಅರವಿಂದ್, ಸೌಮ್ಯಳಾಗಿ ಪ್ರೇಮಾ, ಮಂತ್ರವಾದಿ ಆಚಾರ್ಯರಾಗಿ ಅವಿನಾಶ್ ಅಭಿನಯಿಸಿದರು. ಚಿತ್ರವು ೨೦೦೪ರ ಆಗಸ್ಟ್ ೨೭ರಂದು ಬಿಡುಗಡೆಯಾಗಿ ಅಸಾಧಾರಣ ಯಶಸ್ಸನ್ನು ಪಡೆಯಿತು. ಸತತ ನಷ್ಟಗಳನ್ನು ಕಂಡಿದ್ದ ದ್ವಾರಕೀಶರನ್ನು ಈ ಒಂದು ಚಿತ್ರ ಮತ್ತೆ ನಿಲ್ಲಿಸಿತೆಂಬುದು ಕನ್ನಡ ಚಿತ್ರರಂಗದ ಸರ್ವವಿದಿತ ಸಂಗತಿ. ಮರುವರ್ಷ ವಾಸು ಅವರೇ ಇದನ್ನು ತಮಿಳಿನಲ್ಲಿ ‘ಚಂದ್ರಮುಖಿ’ಯೆಂದು ಮಾಡಿದರು, ೨೦೦೭ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ತೆಗೆದರು.

೩

ಮೂಲಕ್ಕೂ ಕನ್ನಡಕ್ಕೂ ಇರುವ ವ್ಯತ್ಯಾಸಗಳಲ್ಲಿ ಒಂದನ್ನು ಮೊದಲು ಹೇಳತಕ್ಕದ್ದು. ಮಲಯಾಳದಲ್ಲಿ ಮೋಹನ್‌ಲಾಲ್ ವಹಿಸಿದ ವೈದ್ಯನ ಪಾತ್ರ ಬಹಳ ತಡವಾಗಿ ಪ್ರವೇಶಿಸುತ್ತದೆ. ಅಷ್ಟರಲ್ಲಿ ನೋಡುವವನು ಆ ಮನೆಯಲ್ಲಿ ಗಂಗೆಯೊಡನೆ ಸಾಕಷ್ಟು ಹೊತ್ತು ವಾಸಿಸಿರುತ್ತಾನೆ. ತಂದೆತಾಯಿಗಳಿಂದ ದೂರವಾಗಿ ಹಳ್ಳಿಯಲ್ಲಿ ಅಜ್ಜಿಯ ಕಥೆಗಳನ್ನು ಕೇಳುತ್ತ ಬೆಳೆದ ಹುಡುಗಿಯ ಬಾಲ್ಯವನ್ನು ವೈದ್ಯನು ಆಮೇಲೆ ಹುಡುಕಿ ತೆಗೆಯುತ್ತಾನೆ. ರೋಗದ ಬೇರು ಅಲ್ಲಿರುವುದಾಗಿ ತೋರಿಸುತ್ತಾನೆ. ಕನ್ನಡದಲ್ಲಿ ನಾಯಕನು ಮೊದಲಿನಿಂದಲೂ ತೆರೆಯ ಮೇಲಿದ್ದಾನೆ. ಹೊಡೆದಾಟ, ಗಾಳಿಪಟದ ಹಾಡು, ಹಾಸ್ಯ ಇವೆಲ್ಲ ಅವನ ಸುತ್ತ ಜೋಡಣೆಗೊಂಡಿವೆ. ವಿಷ್ಣುವರ್ಧನರ ಅಭಿಮಾನಿ ವರ್ಗವನ್ನು ನೆನೆದರೆ ಇದು ಸಹಜವೇ. ಆದರೆ ಇದರಿಂದ ಚಿತ್ರದ ಗುರುತ್ವಕೇಂದ್ರವು ರೋಗಿಯಿಂದ ವೈದ್ಯನ ಕಡೆಗೆ ಸರಿಯಿತು. ಗಂಗೆಯು ಏಕೆ ನಾಗವಲ್ಲಿಯಾದಳು ಎಂಬ ಪ್ರಶ್ನೆಗಿಂತ ಅವಳನ್ನು ಯಾರು ಗೆಲ್ಲುವರು ಎಂಬ ಪ್ರಶ್ನೆ ಪ್ರಬಲವಾಯಿತು.

ಎರಡನೆಯದು ಭಾಷೆಯ ವಿಚಾರ. ಮಲಯಾಳ ಚಿತ್ರದಲ್ಲಿ ನರ್ತಕಿಯು ತಂಜಾವೂರಿನವಳು, ತಮಿಳು ಮಾತನಾಡುತ್ತಾಳೆ. ಕನ್ನಡದ ನಾಗವಲ್ಲಿ ತೆಲುಗಿನಲ್ಲಿ ಹಾಡುತ್ತಾಳೆ. ತಮಿಳಿನ ಚಂದ್ರಮುಖಿಯೂ ತೆಲುಗಿನವಳೇ. ಹಿಂದಿಯ ಮಂಜುಲಿಕಾ ಬಂಗಾಳಿಯವಳು. ಅಂದರೆ ಪ್ರತಿಯೊಂದು ಭಾಷೆಯೂ ತನ್ನ ಪ್ರೇತವನ್ನು ನೆರೆಭಾಷೆಯಿಂದ ತರಿಸಿಕೊಂಡಿದೆ. ಮನೆಯ ಸೊಸೆಯ ಬಾಯಿಂದ ಇದ್ದಕ್ಕಿದ್ದಂತೆ ಪರಭಾಷೆ ಹೊರಡುವುದೇ ಈ ಕಥೆಯ ಭಯದ ಮುಖ್ಯ ಕ್ಷಣ. ನಮ್ಮ ಗುಡ್ಡಗಾಡಿನ ಪ್ರೇಕ್ಷಕರಿಗೆ ಈ ಕ್ಷಣ ವಿಶೇಷವಾಗಿ ನಾಟಿತು. ಕಾಫಿತೋಟಗಳ ನೆಲವಾದ ಸಕಲೇಶಪುರದಲ್ಲಿ ಕನ್ನಡ, ತುಳು, ಮಲಯಾಳ, ತಮಿಳು ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ತೋಟದ ಸಾಲುಮನೆಗಳಲ್ಲಿ “ಗಾಳಿ ಸೋಕಿತು” ಎನ್ನುವುದಕ್ಕೆ ಜನ ಕೊಡುವ ಮೊದಲ ಗುರುತು, ಅವಳು ತನ್ನದಲ್ಲದ ಮಾತನ್ನಾಡಿದಳು ಎಂಬುದೇ. ಚಿತ್ರವು ಈ ಗುರುತನ್ನು ಅಲ್ಲಗಳೆಯಲು ಬಳಸಿತು. ಪ್ರೇಕ್ಷಕನು ಅದನ್ನು ಒಪ್ಪಿಗೆಯೆಂದು ತಿಳಿದನು.

ಮೂರನೆಯದೂ ಮುಖ್ಯವಾದದ್ದೂ ಚಿಕಿತ್ಸೆಯ ಸ್ವರೂಪ. ವೈದ್ಯನು ರೋಗನಿದಾನವನ್ನು ವಿಜ್ಞಾನದ ಭಾಷೆಯಲ್ಲಿ ಹೇಳುತ್ತಾನೆ. ಚಿಕಿತ್ಸೆಯನ್ನು ಮಾತ್ರ ಮಂಡಲ, ಮಂತ್ರ, ಬೊಂಬೆಗಳ ನಡುವೆ ಮಾಡುತ್ತಾನೆ. ವ್ಯಕ್ತಿತ್ವವು ಒಡೆದು ತೋರುವ ಈ ಬಗೆಯ ವ್ಯಾಧಿಯನ್ನು ವೈದ್ಯಶಾಸ್ತ್ರ ಒಪ್ಪುತ್ತದೆ. ೨೦೨೨ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಆವೇಶದ ರೂಪದ ವ್ಯಾಧಿಗೆ ಪ್ರತ್ಯೇಕ ಸ್ಥಾನವೇ ಇದೆ. ಆದರೆ ರೋಗಿಗೆ ತಿಳಿಸದೆ, ಅವಳ ಒಪ್ಪಿಗೆಯನ್ನು ಪಡೆಯದೆ, ಒಂದು ಹತ್ಯೆಯ ನಾಟಕವನ್ನು ಆಡಿಸಿ ಒಂದೇ ರಾತ್ರಿಯಲ್ಲಿ ಗುಣಪಡಿಸುವ ಕ್ರಮ ಯಾವ ವೈದ್ಯಶಾಸ್ತ್ರದಲ್ಲಿಯೂ ಇಲ್ಲ. ಭಾರತದ ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯಂತೂ ರೋಗಿಯ ತಿಳಿವಳಿಕೆಯ ಒಪ್ಪಿಗೆಯನ್ನು ಚಿಕಿತ್ಸೆಯ ತಳಹದಿಯನ್ನಾಗಿ ಮಾಡಿದೆ. ಜೊತೆಗೆ ನಿಜವಾದ ರೋಗಿಯನ್ನು ಮರೆಮಾಚುವ ಸಲುವಾಗಿ ನಿರಪರಾಧಿಯಾದ ಸೌಮ್ಯಳ ಮೇಲೆ ಮನೆಯವರ ಸಂಶಯ ಬೀಳಲು ಕಥೆ ಎಡೆಗೊಡುತ್ತದೆ. ಅವಳು ಪಡುವ ಅವಮಾನಕ್ಕೆ ಕಥೆಯಲ್ಲಿ ಪರಿಹಾರವಿದೆ, ಆದರೆ ವೈದ್ಯನ ಪಶ್ಚಾತ್ತಾಪವಿಲ್ಲ.

ಇದು ಕೇವಲ ಕಥೆಯಲ್ಲವೆ, ಇಷ್ಟು ಕಟ್ಟುನಿಟ್ಟು ಏಕೆ ಎಂದು ವಾಚಕರು ಕೇಳಬಹುದು. ಉತ್ತರವಿಷ್ಟೆ: ಚಿತ್ರವು ಬಾಯಿಮಾತಿನಲ್ಲಿ ಹೇಳಿದುದನ್ನು ಕಣ್ಣಿಗೆ ತೋರಿಸಿದುದು ಅಳಿಸಿಹಾಕಿತು. ರೋಗವೆಂದು ವೈದ್ಯನು ವಿವರಿಸುವುದು ಕೆಲವು ನಿಮಿಷಗಳ ಸಂಭಾಷಣೆಯಲ್ಲಿ. ನಾಗವಲ್ಲಿಯು ಕುಣಿಯುವುದು, ಅರಸನು ಆರ್ಭಟಿಸುವುದು, ಆಚಾರ್ಯರ ವಿಧಿ ಫಲಿಸುವುದು ಇವು ಬಣ್ಣ, ವಾದ್ಯ, ಬೆಳಕುಗಳೊಡನೆ ನೆನಪಿನಲ್ಲಿ ಉಳಿಯುವ ದೃಶ್ಯಗಳು. ಸೌಂದರ್ಯ ಅವರ ಅಭಿನಯ ಈ ಭಾಗದಲ್ಲಿ ಎಷ್ಟು ಪ್ರಖರವಾಗಿದೆಯೆಂದರೆ ರೋಗಿಯನ್ನು ಮರೆತು ನರ್ತಕಿಯನ್ನೇ ನಂಬುವಂತಾಗುತ್ತದೆ. ಕಲಾವಿದೆಯ ಗೆಲವೇ ಚಿತ್ರದ ವಾದಕ್ಕೆ ಸೋಲಾಯಿತು.

ಹಾಗೆಂದು ಚಿತ್ರದ ಪುಣ್ಯಭಾಗವನ್ನು ಮರೆಯಲಾಗದು. ಮೈಮೇಲೆ ಬಂದವಳನ್ನು ಹೊಡೆಯಬೇಡಿ, ಅವಳು ರೋಗಿ, ಅವಳಿಗೆ ತನ್ನ ಕೃತ್ಯದ ಅರಿವಿಲ್ಲ ಎಂಬ ಮಾತು ಇಷ್ಟೊಂದು ಜನರ ಕಿವಿಗೆ ಒಬ್ಬ ಜನಪ್ರಿಯ ನಾಯಕನ ಬಾಯಿಂದ ಬಿದ್ದುದು ಸಣ್ಣ ಸಂಗತಿಯಲ್ಲ. ಮಂತ್ರವಾದಿಯೇ ವೈದ್ಯನ ಮಾತನ್ನು ಮನ್ನಿಸುವಂತೆ ಕಥೆಯನ್ನು ನಡೆಸಿದುದರಲ್ಲಿಯೂ ಒಂದು ವಿವೇಕವಿದೆ. ಮಾಟ ಬಿಡಿಸುವವನನ್ನು ಕೇವಲ ಕಳ್ಳನೆಂದು ಚಿತ್ರಿಸಿದ್ದರೆ ಹಳ್ಳಿಯ ಪ್ರೇಕ್ಷಕನು ಆ ಮಾತನ್ನು ಕೇಳುತ್ತಲೇ ಇರಲಿಲ್ಲವೇನೋ.

೪

ಇನ್ನು ವದಂತಿಯ ವಿಚಾರ. ‘ಆಪ್ತಮಿತ್ರ’ ಬಿಡುಗಡೆಯಾಗುವುದಕ್ಕೆ ನಾಲ್ಕು ತಿಂಗಳು ಮೊದಲು, ೨೦೦೪ರ ಏಪ್ರಿಲ್ ೧೭ರಂದು, ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದ ಸೌಂದರ್ಯ ಅವರ ಲಘುವಿಮಾನ ಬೆಂಗಳೂರಿನ ಜಕ್ಕೂರಿನ ಬಳಿ ಬಿದ್ದು, ಅವರೂ ಅವರ ಸೋದರರೂ ಸೇರಿದಂತೆ ಅದರಲ್ಲಿದ್ದ ನಾಲ್ವರೂ ಮೃತಪಟ್ಟರು. ಆದುದರಿಂದ ಪ್ರೇಕ್ಷಕರು ತೆರೆಯ ಮೇಲೆ ಮೊದಲ ಬಾರಿಗೆ ನಾಗವಲ್ಲಿಯನ್ನು ಕಂಡಾಗ ಅವಳನ್ನು ಅಭಿನಯಿಸಿದಾಕೆ ಜೀವಂತವಾಗಿರಲಿಲ್ಲ. ಸತ್ತ ನರ್ತಕಿಯ ವೇಷದಲ್ಲಿ ಸತ್ತ ನಟಿ ಕುಣಿಯುವುದನ್ನು ಕಾಣುವ ಅನುಭವ ಯಾವ ನಿರ್ದೇಶಕನೂ ಯೋಜಿಸಿದ್ದಲ್ಲ. ಪ್ರೇಕ್ಷಕರಿಗೆ ಅಂದು ಆದ ರೋಮಾಂಚದಲ್ಲಿ ಭಯವೆಷ್ಟು, ದುಃಖವೆಷ್ಟು ಎಂದು ಬೇರ್ಪಡಿಸುವುದು ಕಷ್ಟ.

ಆರು ವರ್ಷಗಳ ತರುವಾಯ ಇದೇ ಕಥೆಯನ್ನು ಮುಂದುವರಿಸಿ ವಾಸು ಅವರು ‘ಆಪ್ತರಕ್ಷಕ’ವನ್ನು ತಂದರು. ವಿಷ್ಣುವರ್ಧನರ ಇನ್ನೂರನೆಯ ಚಿತ್ರವೆಂದು ಪ್ರಸಿದ್ಧಿ ಪಡೆದ ಇದು ೨೦೧೦ರ ಫೆಬ್ರವರಿ ೧೯ರಂದು ತೆರೆಕಂಡಿತು. ಅದಕ್ಕೆ ಏಳು ವಾರ ಮೊದಲು, ೨೦೦೯ರ ಡಿಸೆಂಬರ್ ೩೦ರಂದು, ಐವತ್ತೊಂಬತ್ತನೆಯ ವಯಸ್ಸಿನಲ್ಲಿ ವಿಷ್ಣುವರ್ಧನ್ ಮೈಸೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಎರಡೂ ಚಿತ್ರಗಳು ಒಂದೊಂದು ಸಾವಿನ ಬೆನ್ನಿಗೆ ಬಂದವು. ವದಂತಿಗೆ ಇಷ್ಟು ಸಾಕಾಯಿತು.

ಇಲ್ಲಿ ನಾವು ಒಂದು ತಪ್ಪೊಪ್ಪಿಗೆಯನ್ನು ಮಾಡಿಕೊಳ್ಳಬೇಕು. ೨೦೧೦ರಲ್ಲಿ ನಾವೂ ವಿದ್ಯಾರ್ಥಿಗಳಾಗಿದ್ದೆವು. ಹಾಸನದ ಒಂದು ಚಿತ್ರಮಂದಿರದಿಂದ ‘ಆಪ್ತರಕ್ಷಕ’ ನೋಡಿ ಹಿಂದಿರುಗುವ ಬಸ್ಸಿನಲ್ಲಿ ನಾಗವಲ್ಲಿ ಇಬ್ಬರನ್ನು ತೆಗೆದುಕೊಂಡಳೆಂದು ನಾವೇ ಹೇಳಿದ್ದುಂಟು. ಹೇಳುವಾಗ ಅದನ್ನು ನಂಬಿದ್ದೆವೆಂದು ಖಂಡಿತವಾಗಿ ಹೇಳಲಾರೆವು, ನಂಬಲಿಲ್ಲವೆಂದೂ ಹೇಳಲಾರೆವು. ಕತ್ತಲೆ, ಮಂಜು, ಬಸ್ಸಿನ ಸದ್ದು ಇವುಗಳ ನಡುವೆ ಹೇಳಲು ಯೋಗ್ಯವಾದ ಮಾತಾಗಿತ್ತು, ಹೇಳಿದೆವು. ಇಂದು ಆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೇಳುವ ಹೊಣೆ ಹೊತ್ತಾಗ ಆ ಬಸ್ಸಿನ ನೆನಪು ನಮ್ಮನ್ನು ಸ್ವಲ್ಪ ವಿನೀತರನ್ನಾಗಿ ಮಾಡಿತು.

ಇತಿಹಾಸದ ಕ್ರಮದಿಂದ ಈ ವದಂತಿಯನ್ನು ಪರೀಕ್ಷಿಸಿದರೆ ದೊರೆಯುವುದೇನು? ಮೊದಲನೆಯದಾಗಿ, ಎರಡು ಸಾವುಗಳ ನಡುವೆ ಐದು ವರ್ಷ ಎಂಟು ತಿಂಗಳುಗಳ ಅಂತರವಿದೆ. ಕಾರಣಗಳು ಸಂಪೂರ್ಣವಾಗಿ ಭಿನ್ನ. ಎರಡನೆಯದಾಗಿ, ಈ ಕಥೆಯನ್ನು ಮುಟ್ಟಿದವರೆಲ್ಲರ ಪಟ್ಟಿಯನ್ನು ಮಾಡಬೇಕು. ಅದೇ ನರ್ತಕಿಯನ್ನು ೧೯೯೩ರಲ್ಲಿ ಅಭಿನಯಿಸಿದ ಶೋಭನಾ, ೨೦೦೫ರಲ್ಲಿ ಅಭಿನಯಿಸಿದ ಜ್ಯೋತಿಕಾ, ೨೦೦೭ರಲ್ಲಿ ಅಭಿನಯಿಸಿದ ವಿದ್ಯಾ ಬಾಲನ್ ಇವರೆಲ್ಲರೂ ಆಮೇಲೆ ದೀರ್ಘಕಾಲ ಯಶಸ್ವಿಯಾಗಿ ದುಡಿದರು. ಈ ಕಥೆಯೊಡನೆ ಎಲ್ಲರಿಗಿಂತ ಹೆಚ್ಚು ಕಾಲ ಕಳೆದ ವಾಸು ಅವರು ೨೦೨೩ರಲ್ಲಿಯೂ ಅದರದೇ ಮುಂದಿನ ಭಾಗವನ್ನು ತಮಿಳಿನಲ್ಲಿ ನಿರ್ದೇಶಿಸಿದರು. ವದಂತಿಯು ಈ ಹೆಸರುಗಳನ್ನು ಎಣಿಸುವುದಿಲ್ಲ. ಹೊಂದುವುದನ್ನು ಇಟ್ಟುಕೊಂಡು ಹೊಂದದ್ದನ್ನು ಬಿಡುವುದೇ ಅದರ ವಿಧಾನ.

ಈ ವಿಧಾನ ಎಷ್ಟು ಸುಲಭವೆಂಬುದಕ್ಕೆ ಮತ್ತೊಂದು ಉದಾಹರಣೆ. ದ್ವಾರಕೀಶ್ ಅವರು ೨೦೨೪ರ ಏಪ್ರಿಲ್ ೧೬ರಂದು ನಿಧನರಾದರು. ಸೌಂದರ್ಯ ತೀರಿಕೊಂಡ ದಿನದಿಂದ ಎಣಿಸಿದರೆ ಇಪ್ಪತ್ತು ವರ್ಷಕ್ಕೆ ಒಂದೇ ದಿನ ಕಡಿಮೆ. ವದಂತಿಗೆ ಬೇಕೆನಿಸಿದರೆ ಇದರಲ್ಲಿಯೂ ನಾಗವಲ್ಲಿಯ ಕೈಯನ್ನು ಕಾಣಬಹುದು. ಆದರೆ ಅವರಿಗೆ ಆಗ ಎಂಬತ್ತೊಂದು ವರ್ಷ. ‘ಆಪ್ತಮಿತ್ರ’ದ ಯಶಸ್ಸಿನ ನಂತರ ಸುಮಾರು ಎರಡು ದಶಕಗಳು ಬಾಳಿದರು. ತಾರೀಖುಗಳನ್ನು ಜೋಡಿಸುವುದರಿಂದಲೇ ಕಾರ್ಯಕಾರಣ ಸಂಬಂಧ ಸಿದ್ಧಿಸುವುದಿಲ್ಲವೆಂಬ ಇತಿಹಾಸದ ಪ್ರಥಮ ಪಾಠಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತ ನಮಗೆ ತಿಳಿಯದು.

ಮೂರನೆಯದಾಗಿ, ನಾಗವಲ್ಲಿ ಎಂಬ ವ್ಯಕ್ತಿಯ ಪ್ರಶ್ನೆ. ಹೆಸರು ಚಿತ್ರದಿಂದ ಚಿತ್ರಕ್ಕೆ ಬದಲಾಗುವ, ಊರು ಬದಲಾಗುವ, ಮಾತೃಭಾಷೆಯೂ ಬದಲಾಗುವ ವ್ಯಕ್ತಿಯನ್ನು ಇತಿಹಾಸವು ಒಪ್ಪಿಕೊಳ್ಳಲಾರದು. ನಮ್ಮ ಗುಡ್ಡಗಳಿಗೆ ತಮ್ಮದೇ ಆದ ದಾರುಣ ಇತಿಹಾಸವಿಲ್ಲದಿಲ್ಲ. ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕನು ಆರ್ಥರ್ ವೆಲ್ಲೆಸ್ಲಿಯ ಸೇನೆಯನ್ನು ಎದುರಿಸಿ, ಸೆರೆಸಿಕ್ಕು, ೧೮೦೨ರಲ್ಲಿ ಗಲ್ಲಿಗೇರಿದುದು ಇದೇ ಕಾಡುಗಳ ಕಥೆ. ಅವನ ಹೆಸರನ್ನು ತರಗತಿಯಲ್ಲಿ ಕೇಳಿದರೆ ಒಬ್ಬಿಬ್ಬರು ಕೈಯೆತ್ತುತ್ತಾರೆ. ನಾಗವಲ್ಲಿಯ ಹೆಸರಿಗೆ ಎಲ್ಲರೂ. ಈ ಅಂತರಕ್ಕೆ ಸಿನಿಮಾವನ್ನು ದೂಷಿಸಿ ಫಲವಿಲ್ಲ, ನಮ್ಮ ಪಾಠಕ್ರಮದ ದೋಷವೂ ಇದರಲ್ಲಿದೆ.

೫

ವದಂತಿಯು ಜನರ ಬಾಯಲ್ಲಿ ಮಾತ್ರ ಉಳಿಯದೆ ಚಿತ್ರರಂಗವನ್ನೇ ಪ್ರವೇಶಿಸಿತೆಂಬುದು ನಮ್ಮ ಮುಂದಿನ ವಾದ. ‘ಆಪ್ತಮಿತ್ರ’ದಲ್ಲಿ ಕೋಣೆಯ ಬೀಗ ತೆಗೆದಾಗ ಒಳಗಿದ್ದುದು ಒಂದು ಕಥೆ, ಅದು ಗಂಗೆಯ ಮನಸ್ಸನ್ನು ಹಿಡಿಯಿತು. ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಭಾವಚಿತ್ರವೇ ಮನೆಯಿಂದ ಮನೆಗೆ ಅನರ್ಥವನ್ನು ಹೊತ್ತು ತಿರುಗುತ್ತದೆ, ಭಾರಿ ಸರ್ಪವೊಂದು ಕಾಣಿಸಿಕೊಳ್ಳುತ್ತದೆ, ನೂರು ವರ್ಷಗಳಿಗೂ ಹಿಂದಿನ ಅರಸನು ಇನ್ನೂ ಬದುಕಿರುತ್ತಾನೆ. ಮನೋವೈದ್ಯನ ಪಾತ್ರ ಇಲ್ಲಿಯೂ ಇದೆ, ಆದರೆ ಅವನ ಶಾಸ್ತ್ರಕ್ಕೆ ಹೊರತಾದ ಲೋಕವನ್ನು ಕಥೆಯೇ ಸತ್ಯವೆಂದು ಸ್ಥಾಪಿಸಿಬಿಟ್ಟಿದೆ. ಮೊದಲ ಚಿತ್ರದ ತೀರ್ಮಾನವನ್ನು ಎರಡನೆಯದು ಹಿಂತೆಗೆದುಕೊಂಡಿತು. ಪ್ರೇಕ್ಷಕರು ಮೊದಲ ಚಿತ್ರದಲ್ಲಿ ಮೆಚ್ಚಿದುದು ಯಾವುದನ್ನು ಎಂಬುದನ್ನು ನಿರ್ಮಾಪಕ ವರ್ಗ ಸರಿಯಾಗಿಯೇ ಗ್ರಹಿಸಿತ್ತು.

ಇದರೊಡನೆ ‘ಶರಪಂಜರ’ವನ್ನು ಹೋಲಿಸಿ ನೋಡುವುದು ಉಪಯುಕ್ತ. ಮನಶ್ಶಾಸ್ತ್ರವನ್ನು ಓದಿಕೊಂಡಿದ್ದ ಲೇಖಕಿ ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದರು. ಇದು ಭಯದ ಚಿತ್ರವಲ್ಲ. ಆದರೂ ನಮ್ಮ ಎಣಿಕೆಯಲ್ಲಿ ಕನ್ನಡದ ಯಾವ ದೆವ್ವದ ಚಿತ್ರಕ್ಕಿಂತಲೂ ಭಯಂಕರವಾದದ್ದು. ಕಲ್ಪನಾ ಅಭಿನಯಿಸಿದ ಕಾವೇರಿ ಎರಡನೆಯ ಹೆರಿಗೆಯ ತರುವಾಯ ಮಾನಸಿಕ ರೋಗಕ್ಕೆ ತುತ್ತಾಗುತ್ತಾಳೆ, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ಗುಣವಾದವಳನ್ನು ಗಂಡನೂ ನೆರೆಹೊರೆಯವರೂ ಗುಣವಾದವಳೆಂದು ಒಪ್ಪುವುದಿಲ್ಲ. ಅವರ ನೋಟವೇ ಅವಳನ್ನು ಮತ್ತೆ ಆಸ್ಪತ್ರೆಗೆ ತಳ್ಳುತ್ತದೆ. ಅಲ್ಲಿ ಪ್ರೇತವಿಲ್ಲ, ಶಾಪವಿಲ್ಲ, ಬೀಗ ಹಾಕಿದ ಕೋಣೆಯಿಲ್ಲ. ಬೀಗ ಹಾಕಿಕೊಂಡದ್ದು ಸುತ್ತಲಿನ ಜನರ ಮನಸ್ಸು. ‘ಆಪ್ತಮಿತ್ರ’ದ ಕಥೆ ಗಂಗೆ ಗುಣಹೊಂದಿದೊಡನೆ ಮುಗಿದುಹೋಗುತ್ತದೆ, ‘ಶರಪಂಜರ’ದ ನಿಜವಾದ ಕಥೆ ಗುಣಹೊಂದಿದ ಮೇಲೆ ಆರಂಭವಾಗುತ್ತದೆ. ಮರಳಿ ಊರಿಗೆ ಹೋದ ಗಂಗೆಯನ್ನು ನೆರೆಮನೆಯವರು ಹೇಗೆ ಕಂಡಾರು ಎಂಬ ಪ್ರಶ್ನೆಯನ್ನು ೨೦೦೪ರ ಚಿತ್ರ ಕೇಳಲಿಲ್ಲ.

ಆ ಪ್ರಶ್ನೆಗೆ ಉತ್ತರ ನಮ್ಮ ಗುಡ್ಡಗಳಲ್ಲಿದೆ. ಆಲೂರಿನ ಸೆರಗಿನ ಒಂದು ಹಳ್ಳಿಯಲ್ಲಿ ನಮಗೆ ಪರಿಚಿತರಾದ ಒಂದು ಕುಟುಂಬದ ಸೊಸೆ, ಹೆರಿಗೆಯ ಕೆಲವು ವಾರಗಳಲ್ಲಿ ನಿದ್ರೆ ಕಳೆದುಕೊಂಡು, ಅಸಂಬದ್ಧವಾಗಿ ಮಾತನಾಡಲಾರಂಭಿಸಿದಳು. ಗಾಳಿಯೆಂದರು, ಚೌಡಿಯ ಕಾಟವೆಂದರು, ತಾಯಿತ ಕಟ್ಟಿಸಿದರು. ಇದು ಹಳೆಯ ರೂಢಿ. ಹೊಸದಾಗಿದ್ದುದು ಒಂದೇ: ಬೇಲಿಯಾಚೆ ನಿಂತ ಮಕ್ಕಳು ಅವಳನ್ನು “ನಾಗವಲ್ಲಿ” ಎಂದು ಕೂಗುತ್ತಿದ್ದರು. ಮನೆಯವರು ರೋಗಕ್ಕಿಂತ ಆ ಹೆಸರಿಗೆ ನಾಚಿ ಅವಳನ್ನು ಒಳಗಿಟ್ಟರು. ಹಲವು ತಿಂಗಳು ಕಳೆದ ಮೇಲೆ ಆಸ್ಪತ್ರೆಗೆ ಕರೆದೊಯ್ದರು. ಔಷಧದಿಂದ ಅವಳು ಚೇತರಿಸಿಕೊಂಡಳು. ಇಂದು ತೋಟದ ಕೆಲಸಕ್ಕೆ ಹೋಗುತ್ತಾಳೆ, ಮಗು ಶಾಲೆಗೆ ಹೋಗುತ್ತಿದೆ. ಆದರೆ ಅವಳು ಸ್ವಲ್ಪ ಗಟ್ಟಿಯಾಗಿ ಮಾತನಾಡಿದರೆ ಸಾಕು, ಸಾಲುಮನೆಯಲ್ಲಿ ಯಾರಾದರೂ ಆ ಹೆಸರನ್ನು ನೆನೆಯುತ್ತಾರೆ.

ಮೈಮೇಲೆ ಬಂದವಳು ರೋಗಿಯೆಂದು ಹೇಳಿದ ಚಿತ್ರವೇ ರೋಗಿಯನ್ನು ಹೀಯಾಳಿಸಲು ಒಂದು ಹೆಸರನ್ನು ಕೊಟ್ಟಿತು. ಇದು ಚಿತ್ರಕರ್ತರ ಉದ್ದೇಶವಾಗಿರಲಿಲ್ಲ. ಆದರೆ ಕೃತಿಯ ವಿಮರ್ಶೆ ಉದ್ದೇಶದಲ್ಲಿಯೇ ನಿಲ್ಲುವಂತಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸುವುದು ಅವಶ್ಯ. ಮಲೆನಾಡಿನಲ್ಲಿಯೂ ಘಟ್ಟದ ಕೆಳಗೂ ಮೈದುಂಬುವ ಆಚರಣೆಗಳೆಲ್ಲವನ್ನೂ ರೋಗವೆಂದು ಎಣಿಸುವುದು ತಪ್ಪು. ಕೋಲದಲ್ಲಿ ದೈವದ ಆವೇಶ ಹೊಂದುವವನು ಸಮುದಾಯದ ಒಪ್ಪಿಗೆಯಿಂದ, ನಿಯತ ಕಾಲದಲ್ಲಿ, ನಿಯತ ವಿಧಿಯಿಂದ ಹಾಗೆ ಮಾಡುತ್ತಾನೆ. ವಿಧಿ ಮುಗಿದೊಡನೆ ಮನೆಗೆ ಹೋಗಿ ಊಟ ಮಾಡುತ್ತಾನೆ. ಮೇಲೆ ಹೇಳಿದ ರೋಗವರ್ಗೀಕರಣವೂ ಸಮಾಜವು ಒಪ್ಪಿದ ಧಾರ್ಮಿಕ ಆವೇಶವನ್ನು ವ್ಯಾಧಿಯಿಂದ ಬೇರ್ಪಡಿಸುತ್ತದೆ. ತನಗೆ ಬೇಡದಿದ್ದರೂ ಬರುವ, ಬದುಕನ್ನು ಕೆಡಿಸುವ ಆವೇಶವೇ ಚಿಕಿತ್ಸೆಗೆ ವಿಷಯ. ಅಂಥವರನ್ನು ದೆವ್ವ ಬಿಡಿಸುವ ಹೆಸರಿನಲ್ಲಿ ಹಿಂಸಿಸುವುದನ್ನು ಕರ್ನಾಟಕದ ೨೦೧೭ರ ಅಮಾನವೀಯ ದುಷ್ಟಪದ್ಧತಿಗಳ ಹಾಗೂ ವಾಮಾಚಾರದ ನಿಷೇಧ ಕಾಯಿದೆ ಅಪರಾಧವೆಂದು ಸಾರಿದೆ. ಹೆಸರಿಟ್ಟು ಕೂಗುವುದನ್ನು ತಡೆಯುವ ಕೆಲಸ ಮಾತ್ರ ಕಾಯಿದೆಯದಲ್ಲ, ನಮ್ಮದು.

೬

ಮೇಲಿನ ವಿಚಾರವನ್ನು ಸಂಗ್ರಹಿಸುವುದಾದರೆ: ‘ಆಪ್ತಮಿತ್ರ’ವು ಪ್ರೇತವನ್ನು ಮನಸ್ಸಿನೊಳಗೆ ಕಾಣಿಸಲು ಹೊರಟ ಚಿತ್ರ. ನಾಯಕಪ್ರಾಧಾನ್ಯ, ನರ್ತಕಿಯ ದೃಶ್ಯಗಳ ಆಕರ್ಷಣೆ, ಕಪಟ ವಿಧಿಯಿಂದ ದೊರೆತ ಗುಣ ಇವುಗಳಿಂದ ಆ ವಾದ ಒಳಗಿನಿಂದಲೇ ಸಡಿಲವಾಗಿತ್ತು. ಎರಡು ಅಕಾಲ ಮರಣಗಳು ಆ ಸಡಿಲಿಗೆ ಹೊರಗಿನಿಂದ ಪೆಟ್ಟು ಕೊಟ್ಟವು. ಜನರ ದುಃಖವು ವದಂತಿಯ ರೂಪವನ್ನು ತಾಳಿತು. ಎರಡನೆಯ ಚಿತ್ರ ವದಂತಿಯ ಪಕ್ಷವನ್ನು ವಹಿಸಿತು. ಇದರಲ್ಲಿ ಜನರನ್ನು ಮಾತ್ರ ಮೂಢರೆಂದು ಕರೆಯುವ ಅಧಿಕಾರ ನಮಗಿಲ್ಲ.

ಅಧ್ಯಾಪಕ ಮಿತ್ರರಿಗೂ ವಿದ್ಯಾರ್ಥಿಗಳಿಗೂ ಒಂದು ಸೂಚನೆ. ಸಕಲೇಶಪುರ, ಆಲೂರು, ಹಾಸನಗಳಲ್ಲಿ ಈ ಚಿತ್ರಗಳನ್ನು ಬಿಡುಗಡೆಯ ಕಾಲದಲ್ಲಿಯೇ ನೋಡಿದ ಪ್ರೇಕ್ಷಕರು ಇಂದು ನಡುವಯಸ್ಸನ್ನು ದಾಟುತ್ತಿದ್ದಾರೆ. ಅವರು ಏನನ್ನು ಕಂಡರು, ಶಾಪದ ಮಾತನ್ನು ಮೊದಲು ಯಾರಿಂದ ಕೇಳಿದರು, ೨೦೦೪ರಲ್ಲಿಯೇ ಕೇಳಿದರೋ ೨೦೧೦ರಲ್ಲಿ ಕೇಳಿದರೋ ಎಂಬುದನ್ನು ಹೆಸರು ಹೊರಗೆಡಹದೆ, ತಾರೀಖು ಸಹಿತ ಬರೆದಿಡುವ ಕಾರ್ಯವನ್ನು ಸ್ನಾತಕ ತರಗತಿಯ ಅಭ್ಯಾಸವಾಗಿ ಕೈಗೊಳ್ಳಬಹುದು. ವದಂತಿಯು ಯಾವ ವರ್ಷ ಹುಟ್ಟಿತು, ಯಾವ ದಾರಿಯಲ್ಲಿ ಘಟ್ಟ ಹತ್ತಿತು ಎಂಬುದನ್ನು ಹೀಗೆ ಗುರುತಿಸಲು ಸಾಧ್ಯ. ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾವು ಅಂದು ಪೂರ್ಣವಾದ ಉತ್ತರವನ್ನು ಕೊಡಲಿಲ್ಲ. ಮರುವಾರ ಮೇಲೆ ಕಾಣಿಸಿದ ತಾರೀಖುಗಳನ್ನೂ ಹೆಸರುಗಳನ್ನೂ ಹಲಗೆಯ ಮೇಲೆ ಬರೆದು, ವದಂತಿಯು ಬಿಟ್ಟ ಹೆಸರುಗಳಾವುವೆಂದು ಗುರುತಿಸುವಂತೆ ತರಗತಿಗೆ ಹೇಳಿದೆವು. ಶೋಭನಾ ಅವರ ಹೆಸರಿಗೆ ಮೊದಲು ಗೆರೆಯೆಳೆದವನು ಅವನೇ.